ನಾಲ್ಕನೇ ಕಲಂ

ಸೊಹಾರಿನ ಈ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ
ಹನ್ನೊಂದು ತಿಂಗಳಿಂದ ಯಾರೂ ತಪ್ಪು ಮಾಡಿಲ್ಲ.
ಲಿಫ್ಟಿನ ಪಕ್ಕ ಕಟ್ಟು ಹಾಕಿಸಿ ತೂಗಿಸಿದ್ದಾರೆ:
ಘಟನೆಗಳು: ಸೊನ್ನೆ.
ಹಸಿರು ಸೊನ್ನೆ. ಶಫೀಕುಲ್ ದಿನಾ ಅದರ ಗಾಜು ಒರೆಸುತ್ತಾನೆ.

ನನಗೆ ಗೊತ್ತು ಅದರ ಹೊಟ್ಟೆಯಲ್ಲಿ ಏನೇನಿದೆ.
ಹದಿನೆಂಟರ ಮುದುಕ ಮೀನುಗಾರ ಬಚ್ಚಲಲ್ಲಿ ಜಾರಿದ್ದು.
ಒಂದೇ ಬಣ್ಣದ ಮುಚ್ಚಳದ ಎರಡು ಬಾಟಲಿ ಅಕ್ಕಪಕ್ಕ ಕೂತಿದ್ದು,
ರಾತ್ರಿ ಎರಡಕ್ಕೆ ಮರಿಸೆಲ್ ಒಂದನ್ನೆತ್ತಿ
ಬೆಳಕಿಗೆ ಹಿಡಿದು, ಬೆವತು, ವಾಪಸಿಟ್ಟಿದ್ದು.
ಇವನ್ನೆಲ್ಲ ಚಹಾದ ಕೋಣೆಯಲ್ಲಿ ಹೇಳಿಕೊಳ್ಳುತ್ತೇವೆ, ಬಾಗಿಲು ಹಾಕಿ,
ಮಲಯಾಳದಲ್ಲಿ, ತಗಾಲೊಗಿನಲ್ಲಿ, ಹರಕು ಹಿಂದಿಯಲ್ಲಿ,
ನಾನು ಕೊಂಕಣಿಯಲ್ಲಿ, ದೇವರಿಗೆ.
ಫಾರಮ್ಮಿನಲ್ಲಿ ಬರೆಯುವುದಿಲ್ಲ.

ಫಾರಮ್ಮಿನಲ್ಲಿ ನಾಲ್ಕನೇ ಕಲಂ ಇತ್ತು:
ತಪ್ಪು ಮಾಡಿದವರ ಹೆಸರು.
ಹೆಸರಿನ ಹಿಂದೆ ವೀಸಾ, ವೀಸಾದ ಹಿಂದೆ ಬ್ಯಾಂಕಿನ ಕಂತು,
ಕಂತಿನ ಹಿಂದೆ ನಿಂತವರನ್ನು ಎಣಿಸಲಿಕ್ಕೆ ಹೋಗಬಾರದು.
ಐದು ವರ್ಷದ ಹಿಂದೆ ಒಬ್ಬಳು ಬರೆದಿದ್ದಳು,
ಶೀಬಾ, ತೊಡುಪುಳದವಳು, ಚುರುಕು ಹುಡುಗಿ.
ಬರೆದದ್ದು ಗುರುವಾರ. ಮುಂದಿನ ಗುರುವಾರ
ಅವಳ ಲಾಕರಿನಲ್ಲಿ ಒಂದು ಜೊತೆ ಬಿಳಿ ಚಪ್ಪಲಿ ಮಾತ್ರ ಇತ್ತು.
ಯಾರೂ ಏನೂ ಹೇಳಲಿಲ್ಲ. ಹೇಳುವ ಅಗತ್ಯವಿರಲಿಲ್ಲ.
ಹೊಸಬರು ಬಂದಾಗ ನಾವು ಕ್ಯಾಂಟೀನು ತೋರಿಸಿ,
ಬಟ್ಟೆಯ ಕೋಣೆ ತೋರಿಸಿ,
ಆ ಚಪ್ಪಲಿಯ ಕತೆ ಹೇಳುತ್ತಿದ್ದೆವು.
ಅದೇ ನಮ್ಮ ಟ್ರೈನಿಂಗು.

ಆಮೇಲೆ ಡಾಕ್ಟರ್ ಥುರಯ್ಯಾ ಬಂದರು, ಇದೇ ಊರಿನವರು,
ಒಂದು ಕೈಯಲ್ಲಿ ಖರ್ಜೂರ, ಇನ್ನೊಂದರಲ್ಲಿ ಹೊಸ ಫಾರಮ್ಮಿನ ಕಟ್ಟು.
ನಾಲ್ಕನೇ ಮನೆಯಲ್ಲಿ ಹೆಸರಿಲ್ಲ:
ಏನಾಯಿತು? ಯಾಕೆ ಆಗಿರಬಹುದು?
"ಈ ಖಾಲಿ ಜಾಗಕ್ಕೆ ನಿಮ್ಮ ಭಾಷೆಯಲ್ಲಿ ಏನನ್ನುತ್ತೀರಿ?"
"ಕಲಂ."
ನಕ್ಕುಬಿಟ್ಟರು. ಅರಬ್ಬಿಯಲ್ಲಿ ಅದು ಪೆನ್ನು.
ನಮ್ಮ ಕಡೆಯ ಕೋರ್ಟಿನಲ್ಲಿ ಅದಕ್ಕೆ ಇನ್ನೊಂದು ಅರ್ಥವಿದೆ,
ನಾನು ಹೇಳಲಿಲ್ಲ.

ನೀಲಿ ಪೆಟ್ಟಿಗೆ ಇಟ್ಟರು. ಪೋಸ್ಟರು ಅಂಟಿಸಿದರು.
ಮೀಟಿಂಗಿನಲ್ಲಿ ಎಲ್ಲರೂ ತಲೆಯಾಡಿಸಿದೆವು,
ತಲೆಯಾಡಿಸುವುದರಲ್ಲಿ ನಮ್ಮ ವಾರ್ಡಿಗೆ ಇಪ್ಪತ್ತು ವರ್ಷದ ಅನುಭವ.
ರಮದಾನ್ ಬಂತು, ಹೋಯಿತು.
ಪೆಟ್ಟಿಗೆಯೊಳಗೆ ಒಂದು ಚಾಕಲೇಟಿನ ಕಾಗದ.
ಕುಂಬಳಕಾಯಿ ಕಳ್ಳ ಅಂದಾಗ ಮುಟ್ಟಿಕೊಂಡೇವೆಂದು
ಹೆಗಲನ್ನೇ ರೂಮಿನಲ್ಲಿ ಬಿಟ್ಟು ಬರುವವರು ನಾವು.
ಶಫೀಕುಲ್ ಒಮ್ಮೆ ನೆಲ ಒರೆಸುತ್ತಾ ಕೇಳಿದ:
"ಹೆಸರಿಲ್ಲದಿದ್ದರೇನು ದೀದಿ, ಕೈಬರಹ ಇರುತ್ತಲ್ಲ?"

ಜುಲೈ. ಎಸಿ ಕೆಟ್ಟ ರಾತ್ರಿ.
ಆರನೇ ಹಾಸಿಗೆಯಲ್ಲಿ ಒಬ್ಬ ಸಾಲಿಂ, ಒಂಬತ್ತರಲ್ಲಿ ಇನ್ನೊಬ್ಬ.
ಹತ್ತೊಂಬತ್ತು ವರ್ಷದ ಸರ್ವೀಸು, ಕೈಪಟ್ಟಿ ಓದುವುದೇನು,
ಮುಖ ನೋಡಿದರೆ ಸಾಕು ನನಗೆ.
ಒಂಬತ್ತರ ಮಾತ್ರೆ ಆರಕ್ಕೆ ಕೊಟ್ಟೆ.
ಬಿಪಿ ಇಳಿಯುತ್ತಾ ಹೋಯಿತು. ಡಾಕ್ಟರನ್ನು ಕರೆದೆ, ಇದ್ದದ್ದು ಹೇಳಿದೆ,
ಬೆಳಗಿನ ಬಾಂಗಿನವರೆಗೆ ಅವನ ಮಣಿಕಟ್ಟು ಹಿಡಿದು ಕೂತೆ.
ಎದ್ದವನೇ ಕೇಳಿದ: ನಿಮಗೆ ಹುಷಾರಿಲ್ಲವಾ ಸಿಸ್ಟರ್?

ಆಗ ಬರೆದೆ. ಏನಾಯಿತು. ಯಾಕೆ ಆಗಿರಬಹುದು:
ಸೆಕೆ, ಒಂದೇ ಹೆಸರು, ನನ್ನ ಗರ್ವ.
ಬರೆದು ಮುಗಿಸಿದರೂ ಪೆನ್ನು ನಿಲ್ಲಲಿಲ್ಲ.
ಕಲಮ್ಮೇ ಇಲ್ಲದ ಅಂಚಿನಲ್ಲಿ ದುಂಡಗೆ ಗೀಚಿದೆ:
ಜುಲಿಯಾನಾ ಮಚಾದೊ, ವಾರ್ಡ್ ಇನ್‌ಚಾರ್ಜ್.
ಚಹಾದ ಕೋಣೆಯಲ್ಲಿ ಓದಿ ಹೇಳಿದೆ, ಬಾಗಿಲು ತೆರೆದೇ.
ಯಾರೂ ಲೋಟ ಎತ್ತಲಿಲ್ಲ.

ಥುರಯ್ಯಾ ಪೆಟ್ಟಿಗೆ ತೆರೆದಾಗ ಮೂರು ಕಾಗದ.
ಒಂದು ಬಂಗಾಳಿಯಲ್ಲಿ, ಬಚ್ಚಲಿನ ಚಿತ್ರ ಬಿಡಿಸಿ.
ಲಿಫ್ಟಿನ ಪಕ್ಕದ ಸೊನ್ನೆ ಇಳಿಯಿತು, ಮೂರು ಏರಿತು,
ಸಂಖ್ಯೆ ಹೆಚ್ಚಿದ್ದು ಯಾಕೆಂದು ಮಸ್ಕತ್ತಿನಿಂದ ಫೋನು.
ಅವರು ಏನು ಉತ್ತರ ಕೊಟ್ಟರೋ, ಬಾಗಿಲು ಹಾಕಿತ್ತು.

ಗುರುವಾರ ಲಾಕರಿಗೆ ಕೀಲಿ ಹಾಕುವಾಗ ಬೆರಳು ತಡವರಿಸಿತು.
ಬಿಳಿ ಚಪ್ಪಲಿ ಇತ್ತು.
ಹಾಕಿಕೊಂಡು ಆರಕ್ಕೆ ಹೋದೆ,
ಪಟ್ಟಿ ಓದಿದೆ.